ಆರು ಕೋಟಿ ವರ್ಷ ಹಿಂದೆ ಹೋಗಬಹುದು, ಒಂದು ಪುಟ ಹಿಂದೆ ಹೋಗುವ ಹಾಗಿಲ್ಲ

ಸಂಪಾದಕರಿಗೆ ನಮಸ್ಕಾರ,

ಕಳೆದ ವಾರ ನಿಮ್ಮ ಪತ್ರಿಕೆಯ ಆಟಗಳ ಪುಟದಲ್ಲಿ, ಟೈಮ್ ಮಷೀನ್ ಹತ್ತಿ ಡೈನೋಸಾರ್ ಕಾಲಕ್ಕೆ ಹೋಗುವ ಒಂದು ಬರಹದ ಆಟದ ಬಗ್ಗೆ ಆಟಗಾರರ ಅಭಿಪ್ರಾಯ ಹಾಕಿದ್ದಿರಿ. ಐದಾರು ಜನರ ಮಾತು, ತಲಾ ಎರಡು ಸಾಲು. ಚಿತ್ರ ಇಲ್ಲ, ಬೇಗ ಮುಗಿಯುತ್ತೆ, ಏನು ಆರಿಸಿದರೂ ಒಂದೇ, ಸತ್ತರೆ ಮತ್ತೆ ಮೊದಲಿನಿಂದ ಆಡಬೇಕು. ಕೊನೆಯಲ್ಲಿ ಪತ್ರಿಕೆ ಕಡೆಯಿಂದ ಐದಕ್ಕೆ ಎರಡು ಸ್ಟಾರ್. ಓದಿ ಸುಮ್ನೆ ಇರೋಣ ಅಂದುಕೊಂಡೆ, ಆಗಲಿಲ್ಲ. ಆ ಆಟವನ್ನು ನಾನು ನಾಲ್ಕು ಸಲ ಮುಗಿಸಿದ್ದೇನೆ, ಒಂಬತ್ತು ಸಲ ಸತ್ತಿದ್ದೇನೆ. ಅಷ್ಟು ಸಲ ಸತ್ತವನಿಗೆ ಒಂದು ಪತ್ರ ಬರೆಯುವ ಹಕ್ಕು ಇದೆ ಅಲ್ವಾ?

ಆಟದ ಪರ ವಕಾಲತ್ತು ಹಾಕಲು ಬರೆಯುತ್ತಿಲ್ಲ. ಅದರಲ್ಲಿ ಹುಳುಕು ಬೇಕಾದಷ್ಟಿದೆ. ನನ್ನ ತಕರಾರು ಬೇರೆ. ಆ ದೂರುಗಳಲ್ಲಿ ಒಂದು ಪೂರ್ತಿ ಸರಿ, ಅದನ್ನು ನೀವು ಕೊನೆಯ ಸಾಲಿಗೆ ತಳ್ಳಿದ್ದೀರಿ. ಇನ್ನೊಂದು ದೂರೇ ಅಲ್ಲ, ಅದನ್ನು ತಲೆಬರಹ ಮಾಡಿದ್ದೀರಿ.

ಇಂಥ ಆಟ ಆಡದವರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಇದರಲ್ಲಿ ಓಡಿಸುವ ಬೊಂಬೆ ಇಲ್ಲ, ಗುರಿಯಿಟ್ಟು ಹೊಡೆಯುವುದಿಲ್ಲ. ಪರದೆ ಮೇಲೆ ಒಂದು ಪುಟ ಕಥೆ ಬರುತ್ತದೆ, ಕಥೆಯೊಳಗೆ ಇರುವವರು ನೀವೇ. ಪುಟದ ಕೆಳಗೆ ಮೂರೋ ನಾಲ್ಕೋ ಆಯ್ಕೆ. ಒಂದನ್ನು ಒತ್ತಿದರೆ ಕಥೆ ಆ ಕಡೆ ತಿರುಗುತ್ತದೆ. ನೀವು ಎಷ್ಟು ಧೈರ್ಯಸ್ಥರು, ಎಷ್ಟು ಓಡಬಲ್ಲಿರಿ, ಜೊತೆಯಲ್ಲಿರುವವರು ನಿಮ್ಮನ್ನು ಎಷ್ಟು ನಂಬುತ್ತಾರೆ, ಇದೆಲ್ಲ ಒಳಗಡೆ ಅಂಕೆಗಳಾಗಿ ಏರುತ್ತಾ ಇಳಿಯುತ್ತಾ ಇರುತ್ತದೆ. ಇಷ್ಟೇ ಆಟ.

ಈಗ ನನ್ನ ಮೊದಲ ಸಾವು.

ಮೂರನೇ ಅಧ್ಯಾಯ. ಜರೀಗಿಡಗಳ ನಡುವೆ ನಿಂತಿದ್ದೇನೆ. ಯಂತ್ರ ನೂರು ಹೆಜ್ಜೆ ದೂರದಲ್ಲಿದೆ. ಚೀಲದಲ್ಲಿ ಗೂಡಿನಿಂದ ಎತ್ತಿಕೊಂಡು ಬಂದ ಒಂದು ಮೊಟ್ಟೆ ಇದೆ. ಮೊದಲು ವಾಸನೆ ಬಂತು ಅಂತ ಬರೆದಿದೆ, ಕೊಳೆತ ಮಾಂಸದ ವಾಸನೆ. ಆಮೇಲೆ ಹಕ್ಕಿಗಳ ಸದ್ದು ನಿಂತಿತು. ಆಮೇಲೆ ಟಿ-ರೆಕ್ಸ್. ಕೆಳಗೆ ನಾಲ್ಕು ಆಯ್ಕೆ: ಓಡು, ಮರದ ಹಿಂದೆ ಅಡಗು, ಮೊಟ್ಟೆಯನ್ನು ದೂರ ಎಸೆ, ಅಲ್ಲಾಡದೆ ನಿಲ್ಲು.

ನಾನು ಅಲ್ಲಾಡದೆ ನಿಂತೆ. ಬಹಳ ಜನ ಅದನ್ನೇ ಮಾಡುತ್ತಾರೆ. ಅಲ್ಲಾಡದಿದ್ದರೆ ಟಿ-ರೆಕ್ಸ್‌ಗೆ ಕಾಣಿಸುವುದಿಲ್ಲ ಅನ್ನುವುದು ಚಿಕ್ಕಂದಿನಿಂದ ಎಲ್ಲರೂ ಕೇಳಿದ ಮಾತು. ಶುದ್ಧ ಸುಳ್ಳು. ಅದರ ತಲೆಬುರುಡೆಯ ಚಿತ್ರ ಒಮ್ಮೆ ನೋಡಿ. ಕಣ್ಣಿನ ಗುಳಿಗಳು ಮುಂದಕ್ಕೆ ತಿರುಗಿವೆ. ಎರಡು ಕಣ್ಣಿನ ನೋಟ ಒಂದರ ಮೇಲೊಂದು ಬೀಳುತ್ತದೆ, ಬೇಟೆ ಎಷ್ಟು ದೂರ ಇದೆ ಅಂತ ಅದು ಚೆನ್ನಾಗಿ ಅಂದಾಜು ಮಾಡಬಲ್ಲದು. ಸಾಲದ್ದಕ್ಕೆ ಮೆದುಳಿನಲ್ಲಿ ವಾಸನೆ ಹಿಡಿಯುವ ಭಾಗವೂ ದೊಡ್ಡದು. ಅಂದರೆ ನಾನು ಅದರ ಮುಂದೆ ಕಂಬದ ಹಾಗೆ ನಿಂತಿದ್ದು ಬಡಿಸಿದ ಎಲೆ ಹಾಗೆ ಆಯಿತು.

ಸಾವಿನ ಪುಟ ಎರಡೇ ಸಾಲು. ಅದರ ಕೆಳಗೆ ಒಂದೇ ಗುಂಡಿ: ಮೊದಲಿನಿಂದ ಆಡಿ. ಅಲ್ಲಿವರೆಗೆ ನಲವತ್ತು ನಿಮಿಷ ಓದಿದ್ದೆ.

ನನ್ನ ತಪ್ಪು, ಒಪ್ಪಿಕೊಂಡೆ. ಮತ್ತೆ ನಲವತ್ತು ನಿಮಿಷ ಓದಿ ಅಲ್ಲಿಗೇ ಬಂದೆ. ಎರಡನೇ ಸಾವು ಮಾತ್ರ ನನ್ನದಲ್ಲ, ನನ್ನ ಹೆಬ್ಬೆರಳಿನದು. ಫೋನಿನಲ್ಲಿ ಪುಟ ಮೇಲಕ್ಕೆ ಸರಿಸುವಾಗ ಬೆರಳು ತಪ್ಪಿ ಬೇರೆ ಆಯ್ಕೆ ಮೇಲೆ ಬಿತ್ತು, ಗಮನಿಸದೆ ಮುಂದೆ ಅಂತ ಒತ್ತಿಬಿಟ್ಟೆ. ಮತ್ತೆ ಅದೇ ಎರಡು ಸಾಲು, ಅದೇ ಗುಂಡಿ. ಆಡಿದಷ್ಟನ್ನು ಉಳಿಸಿಡುವ ಸೇವ್ ಇಲ್ಲ, ಹಿಂದಕ್ಕೆ ಹೋಗುವ ಬಟನ್ ಇಲ್ಲ.

ಟೈಮ್ ಮಷೀನಿನ ಆಟ ಸ್ವಾಮಿ! 6.6 ಕೋಟಿ ವರ್ಷ ಹಿಂದಕ್ಕೆ ಕರೆದುಕೊಂಡು ಹೋಗುತ್ತಾರೆ, ಒಂದೇ ಒಂದು ಪುಟ ಹಿಂದೆ ಹೋಗೋಕೆ ಬಿಡಲ್ಲ.

ಇದು ಸರಿಯಾದ ದೂರು. ಹೊಸದೇನೂ ಅಲ್ಲ. ಇಂಥ ಆಟಗಳನ್ನು ಬರೆಯುವುದಕ್ಕೆ 1993ರಲ್ಲಿ ಇನ್‌ಫಾರ್ಮ್ ಎಂಬ ಕಂಪ್ಯೂಟರ್ ಭಾಷೆಯನ್ನು ಮಾಡಿಕೊಟ್ಟ ಗ್ರಹಾಂ ನೆಲ್ಸನ್, ಆಟಗಾರನ ಹಕ್ಕುಗಳು ಅಂತಲೇ ಒಂದು ಪಟ್ಟಿ ಮಾಡಿದ್ದರು. ಎಚ್ಚರಿಕೆ ಕೊಡದೆ ಆಟಗಾರನನ್ನು ಸಾಯಿಸಬಾರದು ಅನ್ನುವುದು ಅದರಲ್ಲಿದೆ. ಹಿಂದಿನ ಜನ್ಮಗಳ ಅನುಭವ ಇಲ್ಲದೆಯೂ ಆಟ ಗೆಲ್ಲುವ ಹಾಗಿರಬೇಕು ಅನ್ನುವುದೂ ಇದೆ. ಹಿಂದಿನ ಜನ್ಮ ಅನ್ನುವ ಮಾತು ನಾನು ಸೇರಿಸಿದ್ದಲ್ಲ, ಅವರದ್ದೇ. ಎಷ್ಟು ಸರಿಯಾದ ಮಾತು ನೋಡಿ. ಮೂರನೇ ಸಲ ಟಿ-ರೆಕ್ಸ್ ಎದುರು ನಿಂತಾಗ ಕಥೆಯೊಳಗಿನ ನನಗೆ ಏನೂ ಗೊತ್ತಿರಬಾರದು. ಹೊರಗಿನ ನನಗೆ ಮಾತ್ರ ಎರಡು ಜನ್ಮದ ನೆನಪು.

ಆಂಡ್ರ್ಯೂ ಪ್ಲಾಟ್ಕಿನ್ ಅಂತ ಇನ್ನೊಬ್ಬರು, ಅವರೂ ಇಂಥ ಆಟಗಳನ್ನು ಬರೆಯುವವರು, ಆಟಗಳ ಕ್ರೌರ್ಯಕ್ಕೆ ಐದು ಮೆಟ್ಟಿಲು ಹಾಕಿದ್ದಾರೆ. ತಳದಲ್ಲಿ ದಯೆಯ ಆಟ, ಅದರಲ್ಲಿ ಸಿಕ್ಕಿಹಾಕಿಕೊಳ್ಳುವ ಭಯವೇ ಇಲ್ಲ. ತುದಿಯಲ್ಲಿ ಕ್ರೂರ ಆಟ. ಅಲ್ಲಿ ತಪ್ಪು ಮಾಡಿದ್ದು ಆಗ ಗೊತ್ತೇ ಆಗುವುದಿಲ್ಲ. ಗಂಟೆಗಟ್ಟಲೆ ಆಡಿದ ಮೇಲೆ ತಿಳಿಯುತ್ತದೆ, ಇದು ಯಾವಾಗಲೋ ಸೋತ ಆಟ ಅಂತ. ಈ ಲೆಕ್ಕದಲ್ಲಿ ತಟಕ್ಕನೆ ಸಾಯಿಸುವುದು ದೊಡ್ಡ ಕ್ರೌರ್ಯವೇ ಅಲ್ಲ. ಆದರೆ ಅವರು ಆ ಮೆಟ್ಟಿಲು ಹಾಕಿದ್ದು ಸೇವ್ ಇರುವ ಆಟಗಳಿಗೆ. ಸೇವ್ ಕಿತ್ತುಕೊಂಡರೆ ಆ ಇಡೀ ಏಣಿಯೇ ಅಡ್ಡ ಬೀಳುತ್ತದೆ.

ಆಟ ಬರೆದವರ ಕಡೆಯೂ ಒಂದು ಕಾರಣ ಇದೆ, ಅದೇನೂ ದಡ್ಡ ಕಾರಣ ಅಲ್ಲ. ಹಿಂದೆ ಹೋಗಲು ಬಿಟ್ಟರೆ ಆಟಗಾರ ನಾಲ್ಕೂ ಆಯ್ಕೆ ತೆರೆದು ನೋಡುತ್ತಾನೆ, ಒಳ್ಳೆಯದನ್ನು ಹಿಡಿಯುತ್ತಾನೆ, ಎಲ್ಲಿಯೂ ಎದೆ ಢವಢವ ಅನ್ನುವುದಿಲ್ಲ. ನನಗೆ ಗೊತ್ತು, ಯಾಕೆಂದರೆ ನಾನೂ ಅದೇ ಜಾತಿ. ಇಂಥ ಪುಟಕ್ಕೆ ಹೋಗಿ ಅಂತ ಹೇಳುವ ಆಯ್ಕೆಯ ಪುಸ್ತಕಗಳನ್ನು ಓದುವಾಗ ಹಳೆಯ ಪುಟದಲ್ಲಿ ಒಂದು ಬೆರಳು ಸಿಕ್ಕಿಸಿಕೊಂಡೇ ಮುಂದೆ ಹೋಗುತ್ತಿದ್ದೆ. ಕೆಲವು ಸಲ ಕೈಯ ಐದೂ ಬೆರಳು ಪುಸ್ತಕದೊಳಗೆ ಇರುತ್ತಿದ್ದವು. ಹಾಗಾಗಿ ಪೂರ್ತಿ ಬಿಡಿ ಅಂತ ನಾನೂ ಹೇಳುವುದಿಲ್ಲ. ಅಧ್ಯಾಯದ ಶುರುವಿಗೆ ಹೋಗಲು ಬಿಟ್ಟರೆ ಸಾಕು. ಇಲ್ಲವೇ ಅದನ್ನೇ ಕಥೆ ಮಾಡಲಿ. ಯಂತ್ರಕ್ಕೆ ಹತ್ತು ನಿಮಿಷ ಹಿಂದೆ ಹಾರುವ ಶಕ್ತಿ ಮೂರೇ ಸಲ ಇದೆ ಅನ್ನಲಿ. ಒಂದನ್ನು ಹೆಬ್ಬೆರಳಿಗೆ ಖರ್ಚು ಮಾಡಬೇಕೋ ಟಿ-ರೆಕ್ಸ್‌ಗೋ ಅಂತ ನಾನು ಯೋಚಿಸುತ್ತೇನೆ. ಟೈಮ್ ಮಷೀನ್ ಕೈಯಲ್ಲಿಟ್ಟುಕೊಂಡು ಇದನ್ನು ಬಿಟ್ಟಿದ್ದು ನನಗೆ ಆಶ್ಚರ್ಯ.

ಇನ್ನು ನೀವು ತಲೆಬರಹ ಮಾಡಿದ್ದು: ಚಿತ್ರವೇ ಇಲ್ಲದ ಆಟ. ಬರಹದ ಆಟದಲ್ಲಿ ಚಿತ್ರ ಇಲ್ಲ ಅನ್ನುವುದು ರೇಡಿಯೋದಲ್ಲಿ ಮುಖ ಕಾಣಿಸಲ್ಲ ಅಂದ ಹಾಗೆ.

1977ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಕೆಲವರು ಜಾರ್ಕ್ ಎಂಬ ಆಟ ಬರೆಯಲು ಶುರು ಮಾಡಿದರು. ಅದರಲ್ಲಿ ದೀಪ ಇಲ್ಲದೆ ಕತ್ತಲೆ ಕೋಣೆಗೆ ಹೋದರೆ, ಇಲ್ಲಿ ಗವ್ವೆನ್ನುವ ಕತ್ತಲು, ಗ್ರೂ ನಿಮ್ಮನ್ನು ತಿಂದುಬಿಡಬಹುದು ಅನ್ನುವ ಅರ್ಥದ ಒಂದು ಸಾಲು ಬರುತ್ತದೆ. ಗ್ರೂ ಅಂದರೆ ಏನು? ಕತ್ತಲಲ್ಲಿ ಇರುತ್ತದೆ, ಬೆಳಕಿಗೆ ಹೆದರುತ್ತದೆ, ಮನುಷ್ಯರನ್ನು ತಿನ್ನುತ್ತದೆ. ಅಷ್ಟೇ ಗೊತ್ತು. ಅದನ್ನು ನೋಡಬೇಕೆಂದರೆ ದೀಪ ಬೇಕು, ದೀಪ ಇದ್ದರೆ ಅದು ಬರುವುದಿಲ್ಲ. ಆಡುವವನು ದೀಪದ ಬ್ಯಾಟರಿ ಮುಗಿಯುತ್ತಾ ಬಂದಾಗ ಬೆವರುತ್ತಾನೆ, ಒಂದು ಚಿತ್ರವೂ ಇಲ್ಲದೆ. ಅದೇ ಗ್ರೂಗೆ ಒಂದು ಬಣ್ಣದ ಚಿತ್ರ ಹಾಕಿ, ಹಲ್ಲು ತೋರಿಸಿ, ಹತ್ತು ನಿಮಿಷದಲ್ಲಿ ಭಯ ಹೋಗುತ್ತದೆ.

ಅದಕ್ಕೂ ಮೊದಲಿನ ಕಥೆ ಇನ್ನೂ ಚೆನ್ನಾಗಿದೆ. ವಿಲ್ ಕ್ರೌಥರ್ ಎಂಬ ಪ್ರೋಗ್ರಾಮರ್‌ಗೆ ಗುಹೆ ಹೊಕ್ಕುವ ಹುಚ್ಚು. ಕೆಂಟಕಿಯ ಮ್ಯಾಮತ್ ಗುಹೆಗಳಲ್ಲಿ ತೆವಳಿ, ಅಳತೆ ಮಾಡಿ, ನಕ್ಷೆ ಬರೆದವರು. ಸಂಸಾರ ಒಡೆದ ಸಮಯದಲ್ಲಿ, 1975-76ರ ಹೊತ್ತಿಗೆ, ಆ ಗುಹೆಯನ್ನೇ ಮಾತಿನಲ್ಲಿ ಕಟ್ಟಿ ಹೆಣ್ಣುಮಕ್ಕಳಿಗೆ ಆಡಲು ಕೊಟ್ಟರು. ಮರುವರ್ಷ ಡಾನ್ ವುಡ್ಸ್ ಅದನ್ನು ಬೆಳೆಸಿದರು, ಅಲ್ಲಿಂದ ಈ ಜಾತಿಯ ಆಟಗಳೇ ಹುಟ್ಟಿದವು. ಮಕ್ಕಳಿಗೆ ಗುಹೆ ಕಾಣಲಿ ಅಂತ ಅಪ್ಪ ಬರೆದ ವಾಕ್ಯಗಳು ಅವು. ಚಿತ್ರ ಇಲ್ಲ ಅಂತ ಆ ಮಕ್ಕಳು ಸ್ಟಾರ್ ಕಡಿಮೆ ಮಾಡಿರಲಾರರು.

ನನ್ನ ಒಬ್ಬ ಗೆಳೆಯನಿಗೆ ಕಣ್ಣು ಕಾಣಿಸುವುದಿಲ್ಲ. ಫೋನಿನ ಸ್ಕ್ರೀನ್ ರೀಡರ್ ಓದಿ ಹೇಳುತ್ತದೆ, ಅವನು ಕೇಳಿಕೊಂಡು ಆಡುತ್ತಾನೆ, ಅದೂ ನನಗೆ ಒಂದು ಅಕ್ಷರವೂ ಹಿಡಿಯದಷ್ಟು ವೇಗದಲ್ಲಿ. ಬಣ್ಣದ ಆಟಗಳ ಬಹುಪಾಲು ಅವನಿಗೆ ಬಾಗಿಲು ಮುಚ್ಚಿವೆ, ಇದೊಂದು ತೆರೆದಿದೆ. ಚಿತ್ರ ಯಾಕಿಲ್ಲ ಅನ್ನುವುದು ಅವನಿಗೆ ನಗು ಬರಿಸುವ ಪ್ರಶ್ನೆ. ಅವನ ದೂರು ಬೇರೆಯೇ ಇತ್ತು, ಅದು ನಿಮ್ಮ ಪುಟದಲ್ಲಿ ಬರಬೇಕಿತ್ತು. ಧೈರ್ಯ, ನಂಬಿಕೆ ಇವನ್ನೆಲ್ಲ ಆಟ ಬಣ್ಣದ ಪಟ್ಟಿಯಲ್ಲಿ ತೋರಿಸುತ್ತದೆ, ಪಕ್ಕದಲ್ಲಿ ಅಂಕೆ ಬರೆದಿಲ್ಲ. ಸ್ಕ್ರೀನ್ ರೀಡರ್ ಅಲ್ಲಿಗೆ ಬಂದಾಗ ಚಿತ್ರ ಅಂತ ಮಾತ್ರ ಹೇಳಿ ಸುಮ್ಮನಾಗುತ್ತದೆ. ಇಡೀ ಆಟದಲ್ಲಿ ಇದ್ದ ಒಂದೇ ಚಿತ್ರ ಅವನಿಗೆ ಅಡ್ಡ ಬಂತು. 67 ಅಂತ ಎರಡು ಅಂಕೆ ಹಾಕಿದ್ದರೆ ಮುಗೀತಿತ್ತು.

ಏನು ಆರಿಸಿದರೂ ಒಂದೇ ಅನ್ನುವ ಮಾತಿಗೆ ಬರುತ್ತೇನೆ. ಇದು ಎಲ್ಲ ಆಟಗಾರರೂ ಹೇಳುವ ಮಾತು, ಅರ್ಧ ನಿಜ ಇರುವುದರಿಂದಲೇ ಕಿರಿಕಿರಿ.

ಒಂದು ಚಿಕ್ಕ ಲೆಕ್ಕ ಮಾಡೋಣ. ಪ್ರತಿ ಪುಟದಲ್ಲಿ ಎರಡೇ ಆಯ್ಕೆ, ಹತ್ತು ಸಲ ಆರಿಸಬೇಕು ಅಂತಿಟ್ಟುಕೊಳ್ಳಿ. ದಾರಿಗಳು ಎಲ್ಲಿಯೂ ಕೂಡದೆ ಕವಲೊಡೆಯುತ್ತಾ ಹೋದರೆ ಕೊನೆಯಲ್ಲಿ 1,024 ಅಂತ್ಯ. ಬರೆಯಬೇಕಾದ ಪುಟ 2,047. ಪುಟಕ್ಕೆ 300 ಪದ ಅಂದರೂ 6 ಲಕ್ಷ ಪದ ದಾಟುತ್ತದೆ. ಆಟಗಾರ ಓದುವುದು ಹನ್ನೊಂದು ಪುಟ, 3,300 ಪದ! ಆಮೇಲೆ ಅವನು, ಅಯ್ಯೋ ಇಷ್ಟೇನಾ, ಬೇಗ ಮುಗೀತು ಅಂತ ಬರೆಯುತ್ತಾನೆ. ನಿಮ್ಮ ಪುಟದ ಎರಡು ದೂರು ಒಂದಕ್ಕೊಂದು ಎದುರಾಬದುರು ನಿಂತಿವೆ, ಗಮನಿಸಿದಿರಾ? ದಾರಿಗಳು ಬೇರೆಬೇರೆ ಆದಷ್ಟೂ ಒಂದು ಸಲ ಆಡುವವನಿಗೆ ಆಟ ಗಿಡ್ಡವಾಗುತ್ತದೆ. ಉದ್ದ ಬೇಕು ಅಂದರೆ ದಾರಿಗಳು ಮಧ್ಯೆ ಮಧ್ಯೆ ಕೂಡಲೇಬೇಕು. ಎರಡೂ ಒಟ್ಟಿಗೆ ಬೇಕು ಅಂದರೆ ಬರೆಯುವವರ ಕೈ ಬಿದ್ದುಹೋಗುತ್ತದೆ.

ಹಾಗಾಗಿ ಎಲ್ಲರೂ ಒಂದು ಉಪಾಯ ಮಾಡುತ್ತಾರೆ. ನಾಲ್ಕು ದಾರಿ ಬಿಟ್ಟು, ಸ್ವಲ್ಪ ಮುಂದೆ ಒಂದೇ ಸೇತುವೆ ಮೇಲೆ ಎಲ್ಲರನ್ನೂ ದಾಟಿಸುತ್ತಾರೆ. ಸೇತುವೆ ಒಂದೇ ಆದರೂ ದಾಟುವ ನೀವು ಒಂದೇ ಅಲ್ಲ, ನಿಮ್ಮ ಅಂಕೆಗಳು ಬೇರೆ. ಆಟದ ಹುಷಾರಿ ಇರುವುದು ಅಲ್ಲಿ. ಟಿ-ರೆಕ್ಸ್ ಎದುರು ಓಡು ಅಂತ ಒತ್ತಿದವರಲ್ಲಿ ಒಬ್ಬ ಬದುಕುತ್ತಾನೆ, ಒಬ್ಬ ಸಾಯುತ್ತಾನೆ. ದಾಳ ಹಾಕಿದ ಹಾಗಿದೆ ಅಂತ ಒಬ್ಬರು ನಿಮ್ಮಲ್ಲಿ ಬರೆದಿದ್ದರು. ದಾಳ ಎಲ್ಲೂ ಇಲ್ಲ. ಮೊದಲ ಅಧ್ಯಾಯದಲ್ಲಿ ಇಡೀ ವಾರ ಗ್ರಂಥಾಲಯದಲ್ಲಿ ಕೂತು ಓದುತ್ತೇನೆ ಅಂತ ಆರಿಸಿದವನು ಮೂರನೇ ಅಧ್ಯಾಯದಲ್ಲಿ ಓಡಿದರೆ ಏನಾಗಬೇಕು ಹೇಳಿ? ಅವನು ಮೊಟ್ಟೆ ಎಸೆಯಬೇಕಿತ್ತು.

ಆ ಅಂಕೆಗಳಲ್ಲೂ ಒಂದು ಮಜಾ ಇದೆ. ಚಾಯ್ಸ್‌ಸ್ಕ್ರಿಪ್ಟ್ ಅಂತ ಇಂಥ ಆಟ ಬರೆಯುವ ಒಂದು ಭಾಷೆ ಇದೆ, ಅದರಲ್ಲಿ ಧೈರ್ಯ 60 ಇದ್ದಾಗ ಶೇಕಡಾ 20 ಏರಿಸು ಅಂದರೆ 80 ಆಗುವುದಿಲ್ಲ. ನೂರಕ್ಕೆ ಬಾಕಿ ಇರುವ 40ರಲ್ಲಿ ಶೇಕಡಾ 20, ಅಂದರೆ 8 ಮಾತ್ರ ಸೇರಿ 68. ಇಳಿಸುವಾಗ 60ರಲ್ಲೇ ಕಳೆಯುತ್ತದೆ, 12 ಹೋಗಿ 48. ಮೇಲೆ ಹೋದಷ್ಟೂ ಏರುವುದು ಕಷ್ಟ, ಬೀಳುವುದು ಸಲೀಸು. ಇಷ್ಟು ಧೈರ್ಯ ಮಾಡಿದೆ, ಎಂಟೇ ಅಂಕ ಕೊಟ್ಟ ಅಂತ ಬೈಯುವವರು ಬಹಳ. ನನಗಂತೂ ಇದು ಬದುಕಿನ ಲೆಕ್ಕಕ್ಕೆ ಹತ್ತಿರ ಇದೆ ಅನ್ನಿಸಿತು.

ಸುಳ್ಳು ಆಯ್ಕೆಗಳೂ ಇವೆ, ಇಲ್ಲ ಅನ್ನಲ್ಲ. ಹೊರಡುವ ಮುಂಚೆ ಕಂದು ಬೂಟು ಹಾಕುತ್ತೀರೋ ಕಪ್ಪು ಬೂಟೋ ಅಂತ ಕೇಳುತ್ತಾರೆ. ಆಮೇಲೆ ಆಟ ಮುಗಿಯುವವರೆಗೆ ಬೂಟಿನ ಮಾತೇ ಇಲ್ಲ. ಕೆಸರಿನಲ್ಲಿ ಹೂತುಹೋದಾಗಲಾದರೂ ನನ್ನ ಕಪ್ಪು ಬೂಟು ನೆನಪಿಸಬಾರದಿತ್ತಾ? ಇಂಥ ಕಡೆ ಸ್ಟಾರ್ ಕಡಿಮೆ ಮಾಡಿ, ನಾನೂ ಜೊತೆಗಿದ್ದೇನೆ.

ಡೈನೋಸಾರ್ ಪಂಡಿತರ ದೂರುಗಳನ್ನು ನೀವು ಒಂದನ್ನೂ ಹಾಕಿಲ್ಲ. ಅವೇ ಎಲ್ಲಕ್ಕಿಂತ ರುಚಿ. ಈ ಆಟ ಆಡುವವರಲ್ಲಿ ಅರ್ಧ ಜನ ಹತ್ತು ವರ್ಷದವರಿದ್ದಾಗಲೇ ಡೈನೋಸಾರ್ ಹೆಸರುಗಳನ್ನು ಬಾಯಿಪಾಠ ಮಾಡಿದವರು, ಅವರ ಕಣ್ಣಿಗೆ ಮಣ್ಣೆರಚುವುದು ಸುಲಭ ಅಲ್ಲ. ಆದರೂ ಅವರೇ ಎಡವುತ್ತಾರೆ. ನನಗೆ ಪರಿಚಯದ ಒಬ್ಬನ ದೊಡ್ಡ ಕೊರಗು, ಸ್ಟೆಗೋಸಾರಸ್ ಇಲ್ಲ ಅಂತ. ಹೇಗಿರುತ್ತದೆ? ಸ್ಟೆಗೋಸಾರಸ್ ಬದುಕಿದ್ದು ಸುಮಾರು 15 ಕೋಟಿ ವರ್ಷದ ಹಿಂದೆ. ಟಿ-ರೆಕ್ಸ್ 6.8 ಕೋಟಿಯಿಂದ 6.6 ಕೋಟಿ ವರ್ಷದ ಹಿಂದೆ. ಟಿ-ರೆಕ್ಸ್‌ಗೆ ಸ್ಟೆಗೋಸಾರಸ್ ಎಷ್ಟು ಹಳಬ ಅಂದರೆ, ನಮಗೆ ಟಿ-ರೆಕ್ಸ್ ಕೂಡ ಅಷ್ಟು ಹಳಬ ಅಲ್ಲ. ಆಟ ಬರೆದವರು ಇಲ್ಲಿ ಸರಿಯಾಗಿದ್ದಾರೆ.

ಗರಿಯ ಜಗಳ ಇನ್ನೊಂದು. ಟಿ-ರೆಕ್ಸ್‌ಗೆ ಗರಿ ಯಾಕಿಲ್ಲ ಅಂತ. ಚೀನಾದಲ್ಲಿ ಸಿಕ್ಕ ಯೂಟಿರಾನಸ್ ಅದೇ ವಂಶದ್ದು, ಅದಕ್ಕೆ ಮೈತುಂಬ ಗರಿ ಇತ್ತು ಅಂತ 2012ರಲ್ಲಿ ಪ್ರಕಟವಾಯಿತು. ಅಲ್ಲಿಂದ ಎಲ್ಲರೂ ಟಿ-ರೆಕ್ಸ್‌ಗೂ ಗರಿ ತೊಡಿಸಿದರು. 2017ರಲ್ಲಿ ಟಿ-ರೆಕ್ಸ್ ಚರ್ಮದ ಅಚ್ಚುಗಳನ್ನೇ ನೋಡಿ ಬರೆದ ಅಧ್ಯಯನ ಬಂತು. ಕುತ್ತಿಗೆ, ಸೊಂಟ, ಬಾಲದ ತುಣುಕುಗಳಲ್ಲಿ ಕಂಡಿದ್ದು ಹುರುಪೆ. ಬೆನ್ನ ಮೇಲೆ ಸ್ವಲ್ಪ ಇದ್ದಿರಬಹುದು ಅನ್ನುವವರು ಈಗಲೂ ಇದ್ದಾರೆ. ಆಟ ಏನು ಮಾಡಿದೆ ಗೊತ್ತಾ? ಹೊಗೆಯಂಥ ಮಂಜಿನಲ್ಲಿ ಅದರ ಬೆನ್ನು ಕಾಣಿಸಲಿಲ್ಲ ಅಂತ ಬರೆದು ಜಾರಿಕೊಂಡಿದೆ. ಚಿತ್ರ ಇದ್ದಿದ್ದರೆ ಹೀಗೆ ಜಾರಿಕೊಳ್ಳೋಕೆ ಆಗುತ್ತಿತ್ತಾ?

ಹುಲ್ಲಿನ ಬಗ್ಗೆಯೂ ಒಂದು ದೂರು ಕೇಳಿದೆ. ಡೈನೋಸಾರ್ ಕಾಲದಲ್ಲಿ ಹುಲ್ಲೇ ಇರಲಿಲ್ಲ, ಆಟದಲ್ಲಿ ಹುಲ್ಲಿನ ಎಸಳು ಅಂತ ಬರೆದಿದ್ದಾರೆ ಅಂತ. ಮೊದಲು ಎಲ್ಲರೂ ಹಾಗೇ ನಂಬಿದ್ದರು. 2005ರಲ್ಲಿ ಮಧ್ಯ ಭಾರತದ ಪಿಸ್ದುರಾದ ಪಳೆಯುಳಿಕೆಯಾದ ಲದ್ದಿಯಲ್ಲಿ, ಡೈನೋಸಾರ್ ಲದ್ದಿಯಲ್ಲಿ ಸ್ವಾಮಿ, ಹುಲ್ಲಿನ ಜಾತಿಯ ಗಿಡಗಳ ಸೂಕ್ಷ್ಮ ಕಣಗಳು ಸಿಕ್ಕವು. ಹುಲ್ಲುಗಾವಲು ಇರಲಿಲ್ಲ, ಹುಲ್ಲು ಇತ್ತು. ಎಸಳು ಅಂತ ಬರೆದವರು ಬಚಾವ್.

ಚಂದ್ರನ ವಿಷಯದಲ್ಲಿ ಮಾತ್ರ ಅವರು ಸಿಕ್ಕಿಬಿದ್ದಿದ್ದಾರೆ. ಮೊದಲ ರಾತ್ರಿ ಆಕಾಶದಲ್ಲಿ ನಮ್ಮದಕ್ಕಿಂತ ಭಾರೀ ದೊಡ್ಡ ಚಂದ್ರ ಎದ್ದ ಅಂತ ಒಂದು ಪುಟ ವರ್ಣನೆ ಇದೆ. ಚಂದ್ರ ನಮ್ಮಿಂದ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ, ಸರಿ. ಅದನ್ನೇ 6.6 ಕೋಟಿ ವರ್ಷಕ್ಕೆ ಗುಣಿಸಿ. 2,500 ಕಿಲೋಮೀಟರ್ ಬರುತ್ತದೆ. ಚಂದ್ರ ಇರುವುದು ಸುಮಾರು 3,84,000 ಕಿಲೋಮೀಟರ್ ದೂರದಲ್ಲಿ. ನೂರಕ್ಕೆ ಒಂದರಷ್ಟೂ ಹತ್ತಿರ ಇರಲಿಲ್ಲ, ಬರಿಗಣ್ಣಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಆ ಪುಟ ಓದುವುದಕ್ಕೆ ಚೆನ್ನಾಗಿದೆ, ಅದೇ ಬೇಜಾರು.

ಆದರೆ ಅದೇ ಅಧ್ಯಾಯದಲ್ಲಿ ಇನ್ನೊಂದು ಕಡೆ ನಾನು ಫೋನ್ ಕೆಳಗಿಟ್ಟು ಎದ್ದು ಓಡಾಡಿದೆ. ನಮ್ಮ ಜೊತೆ ಯಂತ್ರ ನೋಡಿಕೊಳ್ಳುವ ಒಬ್ಬ ಎಂಜಿನಿಯರ್ ಹೆಂಗಸು ಬಂದಿರುತ್ತಾಳೆ. ಹಳೆಯ ಕೈಗಡಿಯಾರ ಕಟ್ಟಿಕೊಂಡಿರುತ್ತಾಳೆ. ಎರಡನೇ ದಿನ ಸೂರ್ಯ ನೆತ್ತಿಗೆ ಬಂದಾಗ ಗಡಿಯಾರ ನೋಡಿ ಮುಖ ಗಂಟು ಹಾಕುತ್ತಾಳೆ. ಮೂರನೇ ದಿನ ಮತ್ತೆ. ಗಡಿಯಾರ ಕೆಟ್ಟಿದೆ ಅಂತ ಬಿಚ್ಚಿ ಕಿವಿಗೆ ಹಿಡಿದು ಕುಲುಕುತ್ತಾಳೆ. ಗಡಿಯಾರ ಕೆಟ್ಟಿಲ್ಲ, ದಿನವೇ ಗಿಡ್ಡ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 7 ಕೋಟಿ ವರ್ಷ ಹಳೆಯ ಒಂದು ಚಿಪ್ಪಿನ ದಿನದಿನದ ಪದರಗಳನ್ನು ಎಣಿಸಿದ್ದರು. ಆಗ ವರ್ಷಕ್ಕೆ 372 ದಿನ, ದಿನಕ್ಕೆ ಇಪ್ಪತ್ತಮೂರೂವರೆ ಗಂಟೆ. ಅಂದರೆ ನಡುಮಧ್ಯಾಹ್ನ ಪ್ರತಿ ದಿನ ಅರ್ಧ ಗಂಟೆ ಮೊದಲೇ ಬರುತ್ತದೆ. ಆಟ ಇದನ್ನು ಎಲ್ಲಿಯೂ ವಿವರಿಸುವುದಿಲ್ಲ, ಪಾಠ ಹೇಳುವುದಿಲ್ಲ. ಗಡಿಯಾರ ಕುಲುಕುವ ಒಂದು ಸಾಲು, ಅಷ್ಟೇ. ಗೊತ್ತಿದ್ದವರಿಗೆ ಮೈ ಜುಮ್ಮೆನ್ನುತ್ತದೆ, ಗೊತ್ತಿಲ್ಲದವರು ಮುಂದೆ ಹೋಗುತ್ತಾರೆ. ನೀವು ಹಾಕಿದ ಐದಾರು ಜನರಲ್ಲಿ ಒಬ್ಬರೂ ಇದರ ಬಗ್ಗೆ ಬರೆದಿಲ್ಲ.

ಹಿಂದಿನ ಕಾಲಕ್ಕೆ ಹೋಗಿ ಒಂದು ಹುಳ ತುಳಿದರೂ ಮುಂದಿನದ್ದೆಲ್ಲ ಬದಲಾಗಬೇಕಲ್ಲ ಅಂತ ವಾದ ಮಾಡುವವರು ಎಲ್ಲ ಕಡೆ ಸಿಗುತ್ತಾರೆ. ಆಟದಲ್ಲಿ ಅದಕ್ಕೊಂದು ಜಾಣ ಉತ್ತರ ಇದೆ. ಯಂತ್ರ ಇಳಿಯುವುದು ಆಕಾಶದಿಂದ ಆ ದೊಡ್ಡ ಬಂಡೆ ಬಂದು ಬೀಳುವುದಕ್ಕೆ ಸ್ವಲ್ಪವೇ ಮುಂಚೆ. ಸುಮಾರು 10 ಕಿಲೋಮೀಟರ್ ಅಗಲದ ಕಲ್ಲು ಈಗಿನ ಮೆಕ್ಸಿಕೋದ ಚಿಕ್ಸುಲೂಬ್ ಬಳಿ ಬಿದ್ದು, ನಾಲ್ಕರಲ್ಲಿ ಮೂರು ಪಾಲು ಜೀವಜಾತಿಗಳು ಅಳಿದ ಕಾಲ. ನೀವು ಏನು ತುಳಿದರೂ, ಏನು ಮುರಿದರೂ, ಹೆಚ್ಚಿನದ್ದು ಹೇಗೂ ಅಳಿಸಿಹೋಗುತ್ತದೆ. ವಿಜ್ಞಾನಕ್ಕೆ ಇದು ಪೂರ್ತಿ ಒಪ್ಪಿಗೆ ಆಗದಿರಬಹುದು, ಕಥೆಗೆ ಸಾಕು. ಸಾಕು ಅನ್ನುವುದಕ್ಕಿಂತ, ಅದರಿಂದ ಒಂದು ಒಳ್ಳೆಯ ಮುಳ್ಳು ಹುಟ್ಟಿದೆ. ಗೂಡಿನಿಂದ ಮೊಟ್ಟೆ ಎತ್ತಿಕೊಳ್ಳುವಾಗ ಆಟ ಕೇಳುತ್ತದೆ: ಇಷ್ಟರಲ್ಲೇ ಎಲ್ಲ ಸುಟ್ಟುಹೋಗುವ ಜಾಗದಿಂದ ಕದ್ದರೆ ಅದು ಕಳ್ಳತನವಾ? ಎಂಜಿನಿಯರ್‌ಗೆ ಹೇಳುತ್ತೀಯಾ, ಮುಚ್ಚಿಡುತ್ತೀಯಾ? ಅವಳು ಮೊದಲೇ ಹೇಳಿರುತ್ತಾಳೆ, ಏನನ್ನೂ ತರಬೇಡ, ಯಂತ್ರಕ್ಕೆ ಭಾರದ ಲೆಕ್ಕ ಇದೆ ಅಂತ.

ನಾನು ಮುಚ್ಚಿಟ್ಟೆ. ನಾಲ್ಕೂ ಸಲ. ಏನು ಆರಿಸಿದರೂ ಒಂದೇ ಅನ್ನುವವರಿಗೆ ಈ ಜಾಗ ತೋರಿಸಬೇಕು. ನಾಲ್ಕನೇ ಅಧ್ಯಾಯದ ನಂತರ ಅವಳು ನನಗೆ ಬೆನ್ನು ಹಾಕಿ ಕೆಲಸ ಮಾಡುವುದಿಲ್ಲ. ಕಥೆ ಇದನ್ನು ಎತ್ತಿ ಹೇಳುವುದಿಲ್ಲ. ಮೊದಲಾದರೆ ಅವಳು ಬಗ್ಗಿ ಯಂತ್ರ ಸರಿಪಡಿಸುತ್ತಾ ಮಾತಾಡುತ್ತಿದ್ದಳು, ಆಮೇಲೆ ಗೋಡೆಗೆ ಒರಗಿ ನನ್ನ ಕಡೆ ಮುಖ ಮಾಡಿ ಕೂತು ಮಾತಾಡುತ್ತಾಳೆ. ಮೂರನೇ ಸಲ ಆಡುವಾಗ ನನಗೆ ಇದು ಹೊಳೆದಿದ್ದು. ಒಂದೇ ಸಲ ಆಡಿದವರಿಗೆ ಹೊಳೆಯುವುದು ಕಷ್ಟ.

ಅದಕ್ಕೇ ನಿಮ್ಮಲ್ಲಿ ಒಂದು ಕೋರಿಕೆ. ಇಂಥ ಆಟಕ್ಕೆ ಆಟಗಾರರ ಅಭಿಪ್ರಾಯ ಹಾಕುವಾಗ ಅವರು ಎಷ್ಟು ಸಲ ಆಡಿದರು, ಯಾವ ದಾರಿ ಹಿಡಿದರು ಅಂತ ಒಂದು ಸಾಲು ಸೇರಿಸಿ. ಬರಹದ ಆಟಗಳಿಗೆ ಐಎಫ್‌ಕಾಂಪ್ ಎಂಬ ಸ್ಪರ್ಧೆ 1995ರಿಂದ ಪ್ರತಿ ವರ್ಷ ನಡೆಯುತ್ತಿದೆ. ಅಲ್ಲಿ ಯಾರು ಬೇಕಾದರೂ ಅಂಕ ಕೊಡಬಹುದು, ಆದರೆ ಕನಿಷ್ಠ ಐದು ಆಟಕ್ಕಾದರೂ ಕೊಡಬೇಕು, ಮೊದಲ ಎರಡು ಗಂಟೆಯ ಆಟದ ಮೇಲೇ ಕೊಡಬೇಕು. ಅಷ್ಟು ಕಟ್ಟುನಿಟ್ಟು ನಿಮಗೆ ಬೇಡ. ಆದರೂ ಮೂರನೇ ಅಧ್ಯಾಯದಲ್ಲಿ ಸತ್ತು ಫೋನ್ ಎಸೆದವರ ಮಾತು ಯಾವುದು, ಕೊನೆವರೆಗೆ ಹೋದವರ ಮಾತು ಯಾವುದು ಅಂತ ಓದುಗರಿಗೆ ಗೊತ್ತಾಗಬೇಕಲ್ಲ. ಎಸೆದವರ ಮಾತೂ ಬೇಕು. ನಾನೂ ಎರಡನೇ ಸಾವಿನ ನಂತರ ಎರಡು ದಿನ ಮುಟ್ಟಿರಲಿಲ್ಲ.

ಮೊನ್ನೆ ನನ್ನ ಗೆಳೆಯ ಫೋನ್ ಮಾಡಿದ್ದ. ಅವನು ಎರಡನೇ ಅಧ್ಯಾಯದಲ್ಲೇ ಎಂಜಿನಿಯರ್‌ಗೆ ಮೊಟ್ಟೆ ವಿಷಯ ಹೇಳಿಬಿಟ್ಟನಂತೆ. ಬೈದಳಂತೆ, ಒಂದು ಪುಟ ಪೂರ್ತಿ. ಆದರೆ ಟಿ-ರೆಕ್ಸ್ ಎದುರು ನಿಂತಾಗ ಅವನ ಫೋನು ನಾಲ್ಕಲ್ಲ, ಐದು ಆಯ್ಕೆ ಓದಿತಂತೆ. ಐದನೆಯದು ಏನು ಅಂತ ಎಷ್ಟು ಕೇಳಿದರೂ ಹೇಳಲಿಲ್ಲ, ನೀನೇ ಆಡಿ ನೋಡೋ ಅಂತ ನಕ್ಕು ಇಟ್ಟುಬಿಟ್ಟ. ಅಲ್ಲಿಗೆ ಹೋಗಲು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಈ ಭಾನುವಾರ ಬೆಳಗ್ಗೆ ನಲವತ್ತು ನಿಮಿಷ ಎತ್ತಿಟ್ಟಿದ್ದೇನೆ, ಹೆಬ್ಬೆರಳನ್ನು ಬಿಗಿಹಿಡಿದುಕೊಂಡು ಆಡುತ್ತೇನೆ.

ಇಂತಿ,
ನಿಮ್ಮ ಆಟಗಳ ಪುಟದ ಖಾಯಂ ಓದುಗ